ಸೇನಾ ಅಧಿಕಾರಿ ತರಬೇತಿಗೆ ದೇಹ ಸಿದ್ಧ ಮಾಡಿಕೊಳ್ಳುವುದು ಹೇಗೆ: 16 ವಾರಗಳ ಮಾರ್ಗದರ್ಶಿ

"ಎಸ್‌ಎಸ್‌ಬಿಗೆ ಎಷ್ಟು ಕಿಲೋಮೀಟರ್ ಓಡಬೇಕು?" ಎನ್‌ಡಿಎ, ಸಿಡಿಎಸ್ ಎಂಬ ಸೇನಾ ಅಧಿಕಾರಿ ಆಯ್ಕೆಯ ಲಿಖಿತ ಪರೀಕ್ಷೆಗಳ ಫಲಿತಾಂಶ ಬಂದಾಗಲೆಲ್ಲ ಈ ಪ್ರಶ್ನೆ ಬರುತ್ತದೆ. ವರ್ಷಕ್ಕೆ ಎರಡು ಸಲ ಪರೀಕ್ಷೆ, ಎರಡು ಸಲವೂ ಇದೇ ಪ್ರಶ್ನೆ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಲಿಖಿತ ಪರೀಕ್ಷೆಯ ನಂತರದ ಆಯ್ಕೆ ಮಂಡಳಿಯಾದ ಎಸ್‌ಎಸ್‌ಬಿಯಲ್ಲಿ ಗಡಿಯಾರ ಹಿಡಿದು ಓಡಿಸುವ ಪರೀಕ್ಷೆ ಇಲ್ಲ. ಓಟದ ಲೆಕ್ಕ ಕೇಳುವುದು ಆಮೇಲೆ, ತರಬೇತಿ ಕೊಡುವ ಅಕಾಡೆಮಿಯಲ್ಲಿ. ಹಾಗಂತ ಈಗ ಸುಮ್ನೆ ಕೂತರೆ ಆಮೇಲೆ ಸಮಯ ಸಾಲುವುದಿಲ್ಲ.

ಎಲ್ಲಿ, ಏನು ಕೇಳುತ್ತಾರೆ?

ಎಸ್‌ಎಸ್‌ಬಿ ಅಂದರೆ ಸರ್ವೀಸಸ್ ಸೆಲೆಕ್ಷನ್ ಬೋರ್ಡ್. ನಿಮ್ಮಲ್ಲಿ ಅಧಿಕಾರಿಯಾಗುವ ಗುಣ ಇದೆಯೇ ಎಂದು ಐದು ದಿನ ನೋಡುವ ಆಯ್ಕೆ ಮಂಡಳಿ. ಸೇನೆಯ ಇಂಥ ಒಂದು ಕೇಂದ್ರ ಬೆಂಗಳೂರಿನಲ್ಲಿದೆ, ವಾಯುಪಡೆಯದ್ದು ಮೈಸೂರಿನಲ್ಲಿದೆ. ಇಲ್ಲಿ ಮೈ ಬಗ್ಗಿಸಬೇಕಾದದ್ದು ಹೊರಾಂಗಣದ ಗುಂಪು ಕೆಲಸಗಳಲ್ಲಿ ಮತ್ತು ಅಡೆತಡೆಗಳಲ್ಲಿ. ಅಲ್ಲಿ ಆಯ್ಕೆಯಾದವರಿಗೆ ವೈದ್ಯಕೀಯ ಪರೀಕ್ಷೆ. ಅದಾದ ಮೇಲೆ ಮೆರಿಟ್ ಪಟ್ಟಿ. ಪಟ್ಟಿಯಲ್ಲಿ ಹೆಸರು ಬಂದರೆ ಅಕಾಡೆಮಿ: ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿ ಅಂದರೆ ಎನ್‌ಡಿಎ, ಡೆಹ್ರಾಡೂನ್‌ನ ಐಎಂಎ (ಭಾರತೀಯ ಮಿಲಿಟರಿ ಅಕಾಡೆಮಿ), ಚೆನ್ನೈನ ಒಟಿಎ (ಅಧಿಕಾರಿಗಳ ತರಬೇತಿ ಅಕಾಡೆಮಿ), ಎಳಿಮಲದ ನೌಕಾ ಅಕಾಡೆಮಿ ಅಥವಾ ದುಂಡಿಗಲ್‌ನ ವಾಯುಪಡೆ ಅಕಾಡೆಮಿ.

ಅಗ್ನಿವೀರ್ ರ‍್ಯಾಲಿಯ ಓಟಕ್ಕೂ ಇದಕ್ಕೂ ಸಂಬಂಧವಿಲ್ಲ. ಅದು ಸೈನಿಕರ ನೇಮಕಾತಿ, ಅಲ್ಲಿ 1.6 ಕಿ.ಮೀ. ಓಟದ ವೇಗಕ್ಕೆ ಅಂಕ ಇದೆ. ಗೆಳೆಯ ರ‍್ಯಾಲಿಗೆ ಮಾಡುತ್ತಿರುವ ತಯಾರಿಯನ್ನೇ ನೀವೂ ಮಾಡಬೇಡಿ.

ಎಂಜಿನಿಯರಿಂಗ್ ಓದಿದವರಿಗಿರುವ ಟಿಜಿಸಿ, ಎಸ್‌ಎಸ್‌ಸಿ ಟೆಕ್ ಮುಂತಾದ ಪ್ರವೇಶಗಳಿಗೆ ಸೇನೆ ಹೊರಡಿಸುವ ಅಧಿಸೂಚನೆಗಳಲ್ಲಿ ತರಬೇತಿಗೆ ಬರುವವರಿಗೆ ಬೇಕಾದ ಕನಿಷ್ಠ ಮಟ್ಟವನ್ನು ಬರೆದಿರುತ್ತಾರೆ.

ಪುರುಷರಿಗೆ: 2.4 ಕಿ.ಮೀ. ಓಟ 10 ನಿಮಿಷ 30 ಸೆಕೆಂಡಿನೊಳಗೆ, ಪುಷ್ ಅಪ್ 40, ಪುಲ್ ಅಪ್ (ಬಾರ್ ಹಿಡಿದು ಮೈಯನ್ನು ಮೇಲೆಳೆಯುವುದು) 6, ಸಿಟ್ ಅಪ್ 30.

ಮಹಿಳೆಯರಿಗೆ: 2.4 ಕಿ.ಮೀ. ಓಟ 13 ನಿಮಿಷದೊಳಗೆ, ಪುಷ್ ಅಪ್ 15, ಪುಲ್ ಅಪ್ 2, ಸಿಟ್ ಅಪ್ 25.

ಇಬ್ಬರಿಗೂ: 30ರಂತೆ ಎರಡು ಸುತ್ತು ಬಸ್ಕಿ, 10ರಂತೆ ಎರಡು ಸುತ್ತು ಲಂಜ್, ಜೊತೆಗೆ ಈಜಿನ ಪ್ರಾಥಮಿಕ ಪರಿಚಯ. ಲಂಜ್ ಅಂದರೆ ಒಂದು ಕಾಲು ಮುಂದಿಟ್ಟು, ಹಿಂದಿನ ಮಂಡಿ ನೆಲದ ಹತ್ತಿರ ಬರುವಂತೆ ಇಳಿದು ಏಳುವುದು.

ವಾಯುಪಡೆ ಕೇಳುವುದು ಇದಕ್ಕಿಂತ ಕಡಿಮೆ: 1.6 ಕಿ.ಮೀ. ಓಟ 10 ನಿಮಿಷದಲ್ಲಿ, 10 ಪುಷ್ ಅಪ್, 3 ಚಿನ್ ಅಪ್. ನೀವು ಅರ್ಜಿ ಹಾಕಿದ ಪ್ರವೇಶದ ಅಧಿಸೂಚನೆ ತೆಗೆದು ನಿಮ್ಮ ಅಂಕಿಗಳನ್ನು ಒಮ್ಮೆ ನೋಡಿಕೊಳ್ಳಿ. ಆದರೆ ತಯಾರಿ ಸೇನೆಯ ಮಟ್ಟಕ್ಕೇ ಇರಲಿ. ಅಕಾಡೆಮಿಯೊಳಗೆ ಹೋದ ಮೇಲೆ ಪಿಪಿಟಿ, ಬಿಪಿಇಟಿ ಎಂಬ ಪರೀಕ್ಷೆಗಳು ಬರುತ್ತವೆ. ಮೊದಲನೆಯದು ಪಿಟಿ ಉಡುಪಿನಲ್ಲಿ ಓಟ, ಬಾರ್, ಸಿಟ್ ಅಪ್ ಇತ್ಯಾದಿ. ಎರಡನೆಯದರಲ್ಲಿ ರೈಫಲ್ ಮತ್ತು ಹೊರೆಯ ಸಮೇತ 5 ಕಿ.ಮೀ. ಓಟ, ಹಗ್ಗ ಹತ್ತುವುದು, 9 ಅಡಿ ಹಳ್ಳ ಹಾರುವುದು ಇರುತ್ತದೆ. ಕನಿಷ್ಠ ಮಟ್ಟಕ್ಕೆ ಕಷ್ಟಪಟ್ಟು ಮುಟ್ಟಿದವರಿಗೆ ಅಲ್ಲಿ ಮೊದಲ ವಾರದಿಂದಲೇ ತಿಣುಕಾಟ.

ಬೇಕಾಗುವ ಸಾಮಾನು

ಜಿಮ್ ಬೇಡ. ಓಡುವುದಕ್ಕೆಂದೇ ಮಾಡಿದ ಒಂದು ಜೊತೆ ಶೂ, ಸೆಕೆಂಡ್ ತೋರಿಸುವ ವಾಚು, ನೇತಾಡಲು ಒಂದು ಸಿಂಗಲ್ ಬಾರ್, ಬರೆದಿಡಲು ನೋಟ್‌ಬುಕ್. ದುಡ್ಡು ಇರುವುದು ಒಂದಕ್ಕೇ ಅಂದರೆ ಶೂಗೆ ಹಾಕಿ. ತೆಳು ಅಡಿಯ ಕ್ಯಾನ್ವಾಸ್ ಶೂನಲ್ಲಿ ದಿನಾ ಡಾಂಬರು ರಸ್ತೆ ಮೇಲೆ ಓಡಿದರೆ ಕಾಲಿನ ಮೂಳೆ ಮಾತಾಡಲು ಶುರು ಮಾಡುತ್ತದೆ. "ಅಲ್ಲಿ ಹೇಗೂ ಬೂಟು ಹಾಕಬೇಕಲ್ವಾ" ಎಂದು ಮಿಲಿಟರಿ ಬೂಟು ತಂದು ಅದರಲ್ಲೇ ಓಡುವವರೂ ಇದ್ದಾರೆ. ಬೇಡ. ಬೂಟಿನ ಅಭ್ಯಾಸವನ್ನು ಅಕಾಡೆಮಿಯವರೇ ಮಾಡಿಸುತ್ತಾರೆ.

ಮಣ್ಣಿನ ಮೈದಾನ ಸಿಕ್ಕರೆ ಒಳ್ಳೆಯದು. ಎಷ್ಟೋ ಜಿಲ್ಲಾ ಕ್ರೀಡಾಂಗಣಗಳಲ್ಲಿ 400 ಮೀಟರಿನ ಟ್ರ್ಯಾಕ್ ಇದೆ. ಅದರ ಒಳಗಿನ ಮೊದಲ ಸಾಲಿನಲ್ಲಿ ಆರು ಸುತ್ತು ಓಡಿದರೆ 2.4 ಕಿ.ಮೀ. ಶಾಲೆ ಮೈದಾನವಾದರೆ ಟೇಪ್ ಹಿಡಿದು ಒಂದು ಸುತ್ತು ಎಷ್ಟೆಂದು ಅಳೆಯಿರಿ. ಫೋನಿನ ಜಿಪಿಎಸ್ ಅನ್ನು ಸಣ್ಣ ಮೈದಾನದಲ್ಲಿ ನಂಬಬೇಡಿ. ತಿರುವುಗಳಲ್ಲಿ ಅದು ಲೆಕ್ಕ ತಪ್ಪುತ್ತದೆ. "ಮನೇಲಿ 10 ನಿಮಿಷಕ್ಕೆ ಬರ್ತಿತ್ತು, ಅಲ್ಲಿ 11 ಆಯ್ತು" ಅನ್ನುವವರಲ್ಲಿ ಎಷ್ಟೋ ಜನ ಓಡಿದ್ದು ನಿಜವಾಗಿ 2.2 ಕಿ.ಮೀ. ಇರಬಹುದು.

1. ಮೊದಲ ವಾರ: ನಿಮ್ಮನ್ನು ಅಳೆದುಕೊಳ್ಳಿ

ಮೊದಲು ವೈದ್ಯರ ಹತ್ತಿರ ಹೋಗಿ ಬನ್ನಿ. ಎದೆ, ರಕ್ತದೊತ್ತಡ, ಹಿಮೋಗ್ಲೋಬಿನ್ ನೋಡಿಸಿ. ಅದೇ ಹೊತ್ತಿಗೆ ಸಪಾಟು ಪಾದ, ಮಂಡಿಗಳು ಒಂದಕ್ಕೊಂದು ತಾಗುವುದು, ಕಿವಿಯ ಗುಗ್ಗೆ, ಬಣ್ಣ ಗುರುತಿಸುವ ದೃಷ್ಟಿ ಇವನ್ನೂ ಕೇಳಿಬಿಡಿ. ನಾಲ್ಕು ತಿಂಗಳು ಬೆವರು ಸುರಿಸಿದ ಮೇಲೆ ವೈದ್ಯಕೀಯ ಪರೀಕ್ಷೆಯಲ್ಲಿ ಗೊತ್ತಾಗುವ ಬದಲು ಈಗಲೇ ಗೊತ್ತಾದರೆ ಮೇಲು. ಗುಗ್ಗೆಯಂಥ ತೊಂದರೆ ಒಂದೇ ದಿನದ ಕೆಲಸ.

ಆಮೇಲೆ ಎರಡು ದಿನ ಬಿಟ್ಟು ನಾಲ್ಕು ವಿಷಯ ಅಳೆಯಿರಿ: 2.4 ಕಿ.ಮೀ.ಗೆ ಎಷ್ಟು ಸಮಯ, ನಿಲ್ಲಿಸದೆ ಎಷ್ಟು ಪುಷ್ ಅಪ್, ಎಷ್ಟು ಸಿಟ್ ಅಪ್, ಎಷ್ಟು ಪುಲ್ ಅಪ್. ಪುಲ್ ಅಪ್ ಸೊನ್ನೆ ಬಂದರೆ ಸೊನ್ನೆ ಎಂದೇ ಬರೆಯಿರಿ. ಓಟದ ಮಧ್ಯೆ ನಡೆಯಬೇಕಾಗಿ ಬಂದರೆ ನಡೆಯಿರಿ, ಅದನ್ನೂ ಬರೆಯಿರಿ.

2. 1ರಿಂದ 5ನೇ ವಾರ: ನಿಧಾನವಾಗಿ ಓಡುವುದು

ಈ ಹಂತದಲ್ಲಿ ಎಲ್ಲರೂ ಮಾಡುವ ಎಡವಟ್ಟು ಒಂದೇ. ದಿನಾ ಬೆಳಿಗ್ಗೆ ಎದ್ದು 2.4 ಕಿ.ಮೀ. ಜೀವ ಬಿಟ್ಟು ಓಡಿ, ವಾಚು ನೋಡಿ, ನಿನ್ನೆಗಿಂತ ಐದು ಸೆಕೆಂಡ್ ಕಡಿಮೆಯಾಯಿತೇ ಎಂದು ಲೆಕ್ಕ ಹಾಕುವುದು. ಮೊದಲ ಹತ್ತು ದಿನ ಸಮಯ ಇಳಿಯುತ್ತದೆ. ಆಮೇಲೆ ಅಲ್ಲೇ ನಿಲ್ಲುತ್ತದೆ. ಮೂರನೇ ವಾರಕ್ಕೆ ಕಾಲು ನೋವು. ದಿನಾ ಪರೀಕ್ಷೆ ಬರೆದರೆ ಓದುವುದು ಯಾವಾಗ?

ವಾರಕ್ಕೆ ನಾಲ್ಕು ದಿನ ಓಡಿ. ವೇಗಕ್ಕೆ ಒಂದೇ ಅಳತೆ: ಓಡುತ್ತಲೇ ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡಲು ಬರಬೇಕು. ಏದುಸಿರು ಬಂದು ಮಾತು ತುಂಡಾದರೆ ವೇಗ ಜಾಸ್ತಿಯಾಯಿತು ಎಂದರ್ಥ. ಇಷ್ಟು ನಿಧಾನಕ್ಕೆ ಓಡಿದರೆ ಏನು ಪ್ರಯೋಜನ ಅನ್ನಿಸುತ್ತದೆ. ಆದರೆ ಹೃದಯ ಒಂದು ಬಡಿತಕ್ಕೆ ಜಾಸ್ತಿ ರಕ್ತ ತಳ್ಳುವುದನ್ನು, ಸ್ನಾಯು ಆಮ್ಲಜನಕವನ್ನು ಚೆನ್ನಾಗಿ ಬಳಸುವುದನ್ನು ಕಲಿಯುವುದು ಈ ನಿಧಾನದ ಓಟದಲ್ಲೇ. ಮೂಳೆಗೂ ಗಟ್ಟಿಯಾಗಲು ಸಮಯ ಸಿಗುತ್ತದೆ. ಉಸಿರು ಬೇಗ ಸುಧಾರಿಸುತ್ತದೆ, ಮೂಳೆ ನಿಧಾನಕ್ಕೆ. ಗಾಯಗಳು ಹುಟ್ಟುವುದು ಈ ಅಂತರದಲ್ಲೇ.

ಮೊದಲ ವಾರ ಒಂದು ಸಲಕ್ಕೆ 20 ನಿಮಿಷ ಸಾಕು. ಅದೂ ಕಷ್ಟವಾದರೆ ಮೂರು ನಿಮಿಷ ಓಡಿ ಒಂದು ನಿಮಿಷ ನಡೆಯಿರಿ. ಐದನೇ ವಾರಕ್ಕೆ ಮೂರು ದಿನ 30 ನಿಮಿಷ, ಶನಿವಾರ ಅಥವಾ ಭಾನುವಾರ ಒಂದು ದಿನ 45ರಿಂದ 50 ನಿಮಿಷ. ವಾರದಿಂದ ವಾರಕ್ಕೆ ಸ್ವಲ್ಪ ಸ್ವಲ್ಪವೇ ಏರಿಸಿ. ನಾಲ್ಕನೇ ವಾರ ಸ್ವಲ್ಪ ಇಳಿಸಿ.

ಜಾಗ ಮತ್ತು ಹವೆಯ ಬಗ್ಗೆ ಎರಡು ಮಾತು. ಕಲಬುರಗಿ, ರಾಯಚೂರು, ಬಳ್ಳಾರಿ ಕಡೆಯವರು ಏಪ್ರಿಲ್, ಮೇನಲ್ಲಿ ಬೆಳಿಗ್ಗೆ ಆರೂವರೆಯೊಳಗೆ ಓಟ ಮುಗಿಸಿ. ಕರಾವಳಿಯವರಿಗೆ ಬೆವರು ಆರುವುದೇ ಇಲ್ಲ, ಹಾಗಾಗಿ ಅದೇ ವೇಗಕ್ಕೆ ಜಾಸ್ತಿ ಸುಸ್ತು. ಅದು ನಿಮ್ಮ ದೌರ್ಬಲ್ಯವಲ್ಲ, ವಾಚನ್ನು ಸ್ವಲ್ಪ ಮರೆತುಬಿಡಿ. ಎರೆಮಣ್ಣಿನ ಊರಿನಲ್ಲಿ ಮಳೆ ಬಂದ ಮೇಲೆ ಹೊಲದ ದಾರಿಯಲ್ಲಿ ಓಡಲು ಹೋದರೆ ಶೂ ಒಂದೊಂದು ಕಿಲೋ ಆಗುತ್ತದೆ. ಅಂಥ ದಿನ ಮನೆ ಜಗುಲಿಯಲ್ಲೇ ಹಗ್ಗ ಜಿಗಿಯಿರಿ. ನಸುಕಿನಲ್ಲಿ ರಸ್ತೆ ಮೇಲೆ ಓಡುವುದಾದರೆ ಬಿಳಿ ಬಟ್ಟೆ ಹಾಕಿ, ಎದುರಿಗೆ ಬರುವ ವಾಹನ ಕಾಣುವಂತೆ ಬಲಗಡೆ ಓಡಿ, ಕಿವಿಗೆ ಇಯರ್‌ಫೋನ್ ಬೇಡ. ಬೀದಿನಾಯಿ ಬೆನ್ನು ಹತ್ತಿದರೆ ವೇಗ ಹೆಚ್ಚಿಸಬೇಡಿ, ನಿಂತು ನಡೆಯಿರಿ. ಎಷ್ಟೇ ಅಭ್ಯಾಸವಾದರೂ ಅದರ ಜೊತೆ ಓಟದಲ್ಲಿ ಗೆಲ್ಲುವುದಿಲ್ಲ.

ಬಿಸಿಲಲ್ಲಿ ಓಡುವಾಗ ತಲೆ ಸುತ್ತಿದರೆ, ಮಾತು ತೊದಲಿದರೆ, ಎಲ್ಲಿದ್ದೇವೆಂಬ ಗೊಂದಲವಾದರೆ ಅದು ಸುಸ್ತಲ್ಲ, ಬಿಸಿಲಿನ ಹೊಡೆತ. ನೆರಳಿಗೆ ತಂದು, ಮೈಗೆಲ್ಲ ನೀರು ಹಾಕಿ, ಗಾಳಿ ಬೀಸಿ, 108ಕ್ಕೆ ಕರೆ ಮಾಡಬೇಕು. ಆದ್ದರಿಂದ ಬೇಸಿಗೆಯಲ್ಲಿ ಒಬ್ಬರೇ ಓಡಬೇಡಿ.

3. ಮೊದಲ ದಿನದಿಂದಲೇ: ಬಾರ್

ಎಲ್ಲರೂ ಹೆದರುವುದು ಓಟಕ್ಕೆ. ನಾನು ಕಂಡಂತೆ ಜಾಸ್ತಿ ಜನ ಸಿಕ್ಕಿಬೀಳುವುದು ಪುಲ್ ಅಪ್‌ನಲ್ಲಿ. ಓಟದ ಸಮಯ ಎರಡು ಮೂರು ತಿಂಗಳಲ್ಲಿ ಕಣ್ಣಿಗೆ ಕಾಣುವಷ್ಟು ಇಳಿಯುತ್ತದೆ. ಸೊನ್ನೆಯಿಂದ ಶುರು ಮಾಡಿದವರಿಗೆ ಒಂದೇ ಒಂದು ಪುಲ್ ಅಪ್ ಬರಲು ಅಷ್ಟೇ ಸಮಯ ಬೇಕಾಗಬಹುದು. "ಮೊದಲು ಓಟ ಸರಿ ಮಾಡ್ಕೋತೀನಿ, ಆಮೇಲೆ ಬಾರ್ ನೋಡ್ತೀನಿ" ಎನ್ನುವವರಿಗೆ ಆ 'ಆಮೇಲೆ' ಸಾಕಾಗುವುದಿಲ್ಲ.

ಮೊದಲು ಹಿಡಿತ. ಅಂಗೈ ಎದುರಿಗೆ, ಅಂದರೆ ನಿಮ್ಮಿಂದ ಆಚೆಗೆ ನೋಡುವಂತೆ ಹಿಡಿದರೆ ಪುಲ್ ಅಪ್. ಅಂಗೈ ನಿಮ್ಮ ಕಡೆ ತಿರುಗಿದ್ದರೆ ಚಿನ್ ಅಪ್, ತೋಳಿನ ಮುಂಭಾಗದ ಸ್ನಾಯು ಜಾಸ್ತಿ ಕೆಲಸ ಮಾಡುವುದರಿಂದ ಇದು ಸುಲಭ. ಎರಡೂ ಅಭ್ಯಾಸ ಮಾಡಿ, ಆದರೆ ಲೆಕ್ಕ ಇಡುವುದು ಮೊದಲನೆಯದರದ್ದೇ.

ಒಂದೂ ಬರದವರು ವಾರಕ್ಕೆ ಮೂರು ದಿನ, ಮಧ್ಯೆ ಒಂದು ದಿನ ಬಿಟ್ಟು, ಇಷ್ಟು ಮಾಡಿ.

ನೇತಾಡಿ. ಕೈ ಪೂರ್ತಿ ಚಾಚಿ ಬಾರ್ ಹಿಡಿದು 20 ಸೆಕೆಂಡ್. ವಾರ ಕಳೆದಂತೆ ಒಂದು ನಿಮಿಷದವರೆಗೆ ಏರಿಸಿ. ಅಂಗೈ ಹಿಡಿತ ಬರದೆ ಪುಲ್ ಅಪ್ ಬರುವುದಿಲ್ಲ.

ನೇತಾಡುತ್ತಲೇ, ಮೊಣಕೈ ಮಡಿಸದೆ, ಬೆನ್ನಿನ ರೆಕ್ಕೆ ಮೂಳೆಗಳನ್ನು ಮಾತ್ರ ಕೆಳಗೆ, ಹಿಂದಕ್ಕೆ ಎಳೆಯಿರಿ. ಮೈ ಒಂದೆರಡು ಇಂಚು ಮೇಲೆ ಬರುತ್ತದೆ, ಅಷ್ಟೇ. ಎಂಟು ಸಲ. ಪುಲ್ ಅಪ್ ಶುರುವಾಗುವುದು ಇಲ್ಲಿಂದ. ಈ ಭಾಗ ಕಲಿಯದವರು ಬರೀ ತೋಳಿನಿಂದ ಎಳೆದು ಭುಜ ನೋಯಿಸಿಕೊಳ್ಳುತ್ತಾರೆ.

ಸ್ಟೂಲ್ ಮೇಲೆ ಹತ್ತಿ ಗದ್ದ ಬಾರ್ ಮೇಲಿರುವಂತೆ ಹಿಡಿದುಕೊಳ್ಳಿ. ಕಾಲು ತೆಗೆಯಿರಿ. ಐದು ಎಣಿಸುತ್ತಾ ನಿಧಾನವಾಗಿ ಕೆಳಗೆ ಇಳಿಯಿರಿ. ಒಂದು ಸೆಟ್‌ಗೆ ನಾಲ್ಕು, ಒಟ್ಟು ಮೂರು ಸೆಟ್. ನನ್ನ ಮಟ್ಟಿಗೆ ಮೂರರಲ್ಲಿ ಅತಿ ಮುಖ್ಯವಾದದ್ದು ಇದೇ. ಹತ್ತುವ ಬಲ ಇಲ್ಲದಿದ್ದರೂ ಇಳಿಯುವ ಬಲ ಇರುತ್ತದೆ, ಇಳಿಯುತ್ತಾ ಇಳಿಯುತ್ತಾ ಹತ್ತುವ ಬಲ ಬರುತ್ತದೆ. ಮರುದಿನ ತೋಳು, ಬೆನ್ನು ಚೆನ್ನಾಗಿ ನೋಯುತ್ತದೆ, ಅದಕ್ಕೇ ಮಧ್ಯದ ವಿರಾಮ.

ಸೊಂಟದೆತ್ತರದ ಬಾರ್ ಇದ್ದರೆ ಅದರ ಕೆಳಗೆ ಅಂಗಾತ ಹೋಗಿ, ಹಿಮ್ಮಡಿ ನೆಲದಲ್ಲಿಟ್ಟು, ಮೈ ನೇರವಾಗಿಟ್ಟುಕೊಂಡು ಎದೆಯನ್ನು ಬಾರ್‌ಗೆ ಎಳೆಯುವ ವ್ಯಾಯಾಮವನ್ನೂ ಸೇರಿಸಿಕೊಳ್ಳಿ. ಪಾರ್ಕುಗಳಲ್ಲಿ ಹಾಕಿರುವ ಪ್ಯಾರಲಲ್ ಬಾರ್ ಇದಕ್ಕೆ ಸಾಕು.

ಒಂದೆರಡು ಬರಲು ಶುರುವಾದ ಮೇಲೆ ದಾರಿ ಬದಲಾಗುತ್ತದೆ. ಈಗ ಒಂದೇ ಸಲ ಕೈಲಾಗುವಷ್ಟೂ ಎಳೆಯಬೇಡಿ. ಬಾರ್ ಹತ್ತಿರ ಹೋದಾಗಲೆಲ್ಲ ಒಂದೊಂದು, ದಿನಕ್ಕೆ ಎಂಟು ಹತ್ತು ಸಲ. ಪ್ರತಿ ಸಲವೂ ಇನ್ನೊಂದು ಬರುತ್ತಿತ್ತು ಅನ್ನುವಾಗಲೇ ಇಳಿಯಿರಿ. ನಾಲ್ಕು ಬಂದ ಮೇಲೆ ಎರಡೆರಡರ ಐದು ಸೆಟ್, ಆಮೇಲೆ ಮೂರರ ಐದು ಸೆಟ್.

ಎಣಿಕೆಯಲ್ಲಿ ನಿಮಗೆ ನೀವೇ ಮೋಸ ಮಾಡಿಕೊಳ್ಳಬೇಡಿ. ಕೆಳಗೆ ಕೈ ಪೂರ್ತಿ ಚಾಚಬೇಕು, ಮೇಲೆ ಗದ್ದ ಬಾರ್ ದಾಟಬೇಕು, ಕಾಲು ಒದೆದು ಜೋಲಿ ಹೊಡೆಯಬಾರದು. ಮೈದಾನದಲ್ಲಿ "ನಂದು ಹದಿನೈದು" ಎನ್ನುವವರನ್ನು ಹೀಗೆ ಎಣಿಸಿದರೆ ಐದಕ್ಕೆ ಬಂದು ನಿಲ್ಲುತ್ತಾರೆ. ಆರು ಬೇಕಿದ್ದರೆ ಮನೆಯಲ್ಲಿ ಒಂಬತ್ತು ಬರಬೇಕು. ಪರೀಕ್ಷೆಯ ದಿನ ಸುಸ್ತು, ಗಾಬರಿ, ಬೆವರಿದ ಅಂಗೈ ಸೇರಿ ಎರಡು ಮೂರನ್ನು ತಿನ್ನುತ್ತವೆ.

ಹುಡುಗಿಯರಿಗೆ ಒಂದು ಮಾತು. ಎರಡೇ ತಾನೆ ಎಂದು ಕೊನೆಗೆ ಇಡಬೇಡಿ, ನಮ್ಮಿಂದ ಆಗುವುದಿಲ್ಲ ಎಂದು ಬಿಟ್ಟೂಬಿಡಬೇಡಿ. ಎನ್‌ಡಿಎಯಿಂದ ಮಹಿಳೆಯರ ಮೊದಲ ತಂಡ, 17 ಮಂದಿ, 2025ರ ಮೇನಲ್ಲಿ ಹೊರಬಂದಿದೆ. ಮೇಲೆ ಹೇಳಿದ ಕ್ರಮವೇ ನಿಮಗೂ. ಮೊದಲ ಪುಲ್ ಅಪ್‌ಗೆ ಇನ್ನಷ್ಟು ವಾರ ಜಾಸ್ತಿ ಇಟ್ಟುಕೊಳ್ಳಿ.

ಬಾಗಿಲ ಚೌಕಟ್ಟಿಗೆ ಸಿಕ್ಕಿಸುವ ಬಾರ್ ಬಳಸುವವರು ದಿನಾ ಒಮ್ಮೆ ಅಲ್ಲಾಡಿಸಿ ನೋಡಿ. ಹಳೆ ಮನೆಯ ಚೌಕಟ್ಟು ಅಷ್ಟು ಭಾರ ತಡೆಯುವುದಿಲ್ಲ.

4. ಪುಷ್ ಅಪ್, ಸಿಟ್ ಅಪ್, ಬಸ್ಕಿ

ಗರಡಿ ಮನೆಯಲ್ಲಿ ಸಾಮು ಮಾಡಿದವರಿಗೆ ಇವು ಸುಲಭ, ಆದರೆ ಒಂದು ಎಚ್ಚರ. ನಮ್ಮ ದಂಡದಲ್ಲಿ ಸೊಂಟ ಮೇಲೆದ್ದು ಎದೆ ನೆಲ ಸವರಿಕೊಂಡು ಮುಂದೆ ಹೋಗುತ್ತದೆ. ಇಲ್ಲಿ ಕೇಳುವ ಪುಷ್ ಅಪ್‌ನಲ್ಲಿ ತಲೆಯಿಂದ ಹಿಮ್ಮಡಿವರೆಗೆ ಮೈ ಒಂದೇ ನೇರ ಇರಬೇಕು. ದಂಡದ ರೂಢಿಯಲ್ಲಿ ಸೊಂಟ ಎತ್ತಿದರೆ ಅದು ಎಣಿಕೆಗೆ ಬರುವುದಿಲ್ಲ.

ನಿಮ್ಮ ಗರಿಷ್ಠ ಎಷ್ಟೋ ಅದರ ಅರ್ಧವನ್ನು ಒಂದು ಸೆಟ್ ಎಂದುಕೊಳ್ಳಿ. ಗರಿಷ್ಠ 16 ಇದ್ದರೆ ಎಂಟರ ಐದು ಸೆಟ್, ಮಧ್ಯೆ ಒಂದೂವರೆ ನಿಮಿಷ ವಿರಾಮ. ವಾರಕ್ಕೆ ಮೂರು ದಿನ. ಪ್ರತಿ ವಾರ ಸೆಟ್‌ಗೆ ಒಂದು ಸೇರಿಸಿ. ಮೂರು ವಾರಕ್ಕೊಮ್ಮೆ ಹೊಸ ಗರಿಷ್ಠ ನೋಡಿ ಲೆಕ್ಕ ಬದಲಿಸಿ. ಒಂದೂ ಸರಿಯಾಗಿ ಬರದವರು ಮಂಡಿ ಊರಿ ಮಾಡುವ ಬದಲು ಕೈಯನ್ನು ಜಗುಲಿ ಅಥವಾ ಬೆಂಚಿನ ಮೇಲಿಟ್ಟು ಮಾಡಿ, ಎತ್ತರವನ್ನು ನಿಧಾನಕ್ಕೆ ಇಳಿಸಿ. ಮೈ ನೇರ ಇಡುವ ರೂಢಿ ಹೀಗೆ ತಪ್ಪುವುದಿಲ್ಲ.

ಸಿಟ್ ಅಪ್‌ನಲ್ಲಿ ಕೈಯಿಂದ ಕತ್ತನ್ನು ಎಳೆದು ಏಳಬೇಡಿ, ಕತ್ತು ಹಿಡಿದುಕೊಳ್ಳುತ್ತದೆ. ಬಸ್ಕಿ, ಲಂಜ್ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ. ಹಿಮ್ಮಡಿ ನೆಲ ಬಿಡಬಾರದು, ಮಂಡಿ ಒಳಗೆ ವಾಲಬಾರದು.

5. 6ರಿಂದ 12ನೇ ವಾರ: ವೇಗ

ಈಗ ವಾಚು ಹೊರಗೆ ತೆಗೆಯಿರಿ. ಲೆಕ್ಕ ಸುಲಭ. 10 ನಿಮಿಷ 30 ಸೆಕೆಂಡಿಗೆ ಆರು ಸುತ್ತು ಅಂದರೆ 400 ಮೀಟರಿನ ಒಂದು ಸುತ್ತಿಗೆ 1 ನಿಮಿಷ 45 ಸೆಕೆಂಡ್. 13 ನಿಮಿಷಕ್ಕಾದರೆ ಸುತ್ತಿಗೆ 2 ನಿಮಿಷ 10 ಸೆಕೆಂಡ್. ಗುರಿಯನ್ನು ಇದಕ್ಕಿಂತ ಸ್ವಲ್ಪ ಗಟ್ಟಿ ಮಾಡಿಕೊಳ್ಳಿ: ಪುರುಷರು 1 ನಿಮಿಷ 40 ಸೆಕೆಂಡ್, ಒಟ್ಟು 10 ನಿಮಿಷ. ಮಹಿಳೆಯರು 2 ನಿಮಿಷ 5 ಸೆಕೆಂಡ್, ಒಟ್ಟು 12 ನಿಮಿಷ 30 ಸೆಕೆಂಡ್.

ವಾರಕ್ಕೆ ನಾಲ್ಕು ಓಟ ಹಾಗೇ ಇರಲಿ. ಅದರಲ್ಲಿ ಎರಡು ಮೊದಲಿನಂತೆ ನಿಧಾನ. ಇನ್ನೆರಡು ಹೀಗೆ:

ಮಂಗಳವಾರ ತುಂಡು ಓಟ, ಇಂಗ್ಲಿಷಿನಲ್ಲಿ ಇಂಟರ್ವಲ್ ಅನ್ನುತ್ತಾರೆ. ಗುರಿಯ ವೇಗದಲ್ಲಿ ಒಂದು ಸುತ್ತು ಓಡಿ, ಎರಡು ನಿಮಿಷ ನಡೆಯಿರಿ. ಆರನೇ ವಾರ ಇಂಥ ನಾಲ್ಕು, ಒಂಬತ್ತನೇ ವಾರಕ್ಕೆ ಏಳು. ಹತ್ತನೇ ವಾರದಿಂದ ಎರಡೆರಡು ಸುತ್ತು ಸೇರಿಸಿ 800 ಮೀಟರಿನ ಮೂರು ಓಟ, ಮಧ್ಯೆ ಮೂರು ನಿಮಿಷ ನಡಿಗೆ.

ಶುಕ್ರವಾರ 15ರಿಂದ 20 ನಿಮಿಷದ ಗಟ್ಟಿ ಓಟ. ಎರಡು ಮೂರು ಪದ ಮಾತ್ರ ಆಡಲು ಬರುವಷ್ಟು ವೇಗ.

ಎರಡೂ ದಿನ ಮೊದಲು ಹತ್ತು ನಿಮಿಷ ನಿಧಾನವಾಗಿ ಓಡಿ ಮೈ ಬಿಸಿ ಮಾಡಿಕೊಳ್ಳಿ. ತಣ್ಣಗಿನ ಮೈಯಲ್ಲಿ ವೇಗದ ಓಟ ಶುರು ಮಾಡಿದರೆ ತೊಡೆಯ ಹಿಂಭಾಗ ಹಿಡಿದುಕೊಳ್ಳುತ್ತದೆ.

ತುಂಡು ಓಟದಲ್ಲಿ ಗುರಿಗಿಂತ ವೇಗವಾಗಿ ಓಡಬೇಡಿ. ಮೊದಲನೆಯದು 1 ನಿಮಿಷ 25 ಸೆಕೆಂಡ್, ಕೊನೆಯದು 1 ನಿಮಿಷ 55 ಎಂದರೆ ಆ ದಿನ ಕಲಿತದ್ದು ಏನೂ ಇಲ್ಲ. ಎಲ್ಲವೂ 1.40ರ ಆಸುಪಾಸಿನಲ್ಲೇ ಬಂದರೆ ಆ ವೇಗ ನಿಮ್ಮ ಕಾಲಿಗೆ ಪಾಠವಾಗುತ್ತದೆ, ವಾಚು ನೋಡದೆಯೇ ಗೊತ್ತಾಗುತ್ತದೆ. ಪೂರ್ತಿ 2.4 ಕಿ.ಮೀ. ಓಟವನ್ನು 8ನೇ ಮತ್ತು 12ನೇ ವಾರದಲ್ಲಿ ಮಾತ್ರ ಅಳೆಯಿರಿ.

ಮೈಸೂರಿನವರು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವುದನ್ನು ಕೇಳುತ್ತಾರೆ. ಹತ್ತುವುದು ಚೆನ್ನಾಗಿದೆ, ವಾರಕ್ಕೊಮ್ಮೆ ಗಟ್ಟಿ ಓಟದ ಬದಲು ಮಾಡಬಹುದು. ಇಳಿಯುವಾಗ ಓಡಬೇಡಿ. ಮಂಡಿಗೆ ಪೆಟ್ಟು ಬೀಳುವುದು ಇಳಿಯುವಾಗಲೇ.

6. ಹಗ್ಗ, ಅಡೆತಡೆ, ಈಜು

ಎಸ್‌ಎಸ್‌ಬಿಯ ವೈಯಕ್ತಿಕ ಅಡೆತಡೆಗಳಲ್ಲಿ ಹತ್ತು ತಡೆ, ಮೂರು ನಿಮಿಷ. ತಡೆಗಳಿಗೆ 1ರಿಂದ 10ರವರೆಗೆ ಅಂಕ. ಜಿಗಿಯುವುದು, ಕಿರಿದಾದ ದಿಮ್ಮಿಯ ಮೇಲೆ ನಡೆಯುವುದು, ಹಗ್ಗ ಹಿಡಿದು ತೂಗಿ ಆಚೆ ಹೋಗುವುದು, ಹಗ್ಗದ ಸೇತುವೆ ಇಂಥವು ಇರುತ್ತವೆ. ಕ್ರಮ ನಿಮ್ಮ ಇಷ್ಟ. ಶುರುವಿಗೆ ಮೊದಲು ತೋರಿಸಿ ವಿವರಿಸುತ್ತಾರೆ, ಆಗಲೇ ಯಾವುದಾದ ಮೇಲೆ ಯಾವುದು ಎಂದು ಮನಸ್ಸಿನಲ್ಲಿ ದಾರಿ ಹಾಕಿಕೊಳ್ಳಿ. ಹತ್ತಿರ ಇರುವುದನ್ನೆಲ್ಲ ಒಂದಾದ ಮೇಲೊಂದು ಮುಗಿಸುವುದು ಲಾಭ. ಒಂದು ತಡೆಯ ಮುಂದೆ ಹೆದರಿ ನಿಂತು ಸಮಯ ಕಳೆಯುವುದು ನಷ್ಟ. ಇದನ್ನು ಅಭ್ಯಾಸ ಮಾಡಲು ಕೃತಕ ತಡೆ ಕಟ್ಟಿಸಿದ ತರಬೇತಿ ಕೇಂದ್ರಕ್ಕೆ ದುಡ್ಡು ಕೊಡಲೇಬೇಕೆಂದಿಲ್ಲ. ಬಾರ್ ಹಿಡಿತ, ಹಗ್ಗ ಹತ್ತುವುದು, ಎರಡು ಮೂರು ಅಡಿ ಎತ್ತರದಿಂದ ಮಂಡಿ ಮಡಿಸಿ ಮೆತ್ತಗೆ ನೆಲಕ್ಕಿಳಿಯುವುದು ಇಷ್ಟು ಬಂದರೆ ಸಾಕು.

ಹಗ್ಗ ಹತ್ತುವುದು ಕೈಯ ಕೆಲಸ ಎಂದುಕೊಳ್ಳುತ್ತಾರೆ. ಅರ್ಧ ಕೆಲಸ ಕಾಲಿನದು. ಹಗ್ಗವನ್ನು ಒಂದು ಪಾದದ ಮೇಲೆ ಹಾಯಿಸಿ ಇನ್ನೊಂದು ಪಾದದಿಂದ ಒತ್ತಿ ಹಿಡಿದರೆ ಅದರ ಮೇಲೆ ನಿಲ್ಲಬಹುದು. ನಿಂತು, ಕೈ ಮೇಲೆ ಸರಿಸಿ, ಮತ್ತೆ ಮಂಡಿ ಎಳೆದುಕೊಂಡು ಹಿಡಿಯಿರಿ. ಇಳಿಯುವಾಗ ಸರ್ರನೆ ಜಾರಬೇಡಿ, ಅಂಗೈ ಸುಟ್ಟುಹೋಗುತ್ತದೆ. ಮರಕ್ಕೆ ಹಗ್ಗ ಕಟ್ಟುವವರು ದಪ್ಪ ಹಸಿ ಕೊಂಬೆಗೇ ಕಟ್ಟಿ. ನುಗ್ಗೆ ಮರಕ್ಕಂತೂ ಬೇಡವೇ ಬೇಡ.

ಈಜು ಬರದವರು ಈಗಲೇ ಕಲಿಯಿರಿ, ಕಲಿಸುವವರು ಇರುವ ಈಜುಕೊಳದಲ್ಲಿ. ಊರಿನ ಬಾವಿಯಲ್ಲಿ ಕಲಿತವರಿಗೆ ನೀರಿನ ಹೆದರಿಕೆ ಇರುವುದಿಲ್ಲ, ಅದು ದೊಡ್ಡ ಅನುಕೂಲ. ಆದರೆ ಎಷ್ಟೋ ಜನ ತಲೆ ಎತ್ತಿಯೇ ಈಜುತ್ತಾರೆ, ನೀರಿನೊಳಗೆ ಉಸಿರು ಬಿಡುವುದನ್ನು ಹೊಸದಾಗಿ ಕಲಿಯಬೇಕು. ಕಲ್ಲು ಕ್ವಾರಿ, ಕೆರೆ, ಕಾಲುವೆಗಳಲ್ಲಿ ಅಭ್ಯಾಸ ಬೇಡ, ಈಜು ಬರುವವರಿಗೂ ಬೇಡ.

7. 13ರಿಂದ 16ನೇ ವಾರ: ಎಲ್ಲವೂ ಒಟ್ಟಿಗೆ

ಇಲ್ಲಿಯವರೆಗೆ ಬಿಡಿಬಿಡಿಯಾಗಿ ಮಾಡಿದ್ದನ್ನು ಹತ್ತು ದಿನಕ್ಕೊಮ್ಮೆ ಒಂದೇ ಬೆಳಿಗ್ಗೆ ಮಾಡಿ: ಓಟ, ಹತ್ತು ನಿಮಿಷ ಬಿಟ್ಟು ಪುಲ್ ಅಪ್, ಆಮೇಲೆ ಪುಷ್ ಅಪ್, ಸಿಟ್ ಅಪ್, ಬಸ್ಕಿ. ಗೆಳೆಯರೊಬ್ಬರನ್ನು ಎಣಿಸಲು ನಿಲ್ಲಿಸಿ, ಸರಿಯಿಲ್ಲದ್ದನ್ನು ಬಿಡಲು ಹೇಳಿ. ಓಡಿ ಬಂದ ಮೇಲೆ ಬಾರ್ ಹಿಡಿದಾಗ ಎಷ್ಟು ಕಡಿಮೆಯಾಗುತ್ತದೆ ಎಂಬುದು ಆಗಲೇ ಗೊತ್ತಾಗುವುದು.

ಓಟದ ದಿನ ಮೊದಲ ಸುತ್ತೇ ಎಲ್ಲರನ್ನೂ ಕೆಡಿಸುತ್ತದೆ. ಪಕ್ಕದವರು ನುಗ್ಗಿದರು ಎಂದು ನೀವೂ ನುಗ್ಗಿದರೆ ನಾಲ್ಕನೇ ಸುತ್ತಿನಲ್ಲಿ ಕಾಲು ಕಲ್ಲಾಗುತ್ತದೆ. ಮೊದಲ ಎರಡು ಸುತ್ತು ಲೆಕ್ಕದಂತೆ, ಮೂರು ಮತ್ತು ನಾಲ್ಕು ಹಟದಿಂದ, ಕೊನೆಯ ಎರಡರಲ್ಲಿ ಉಳಿದದ್ದೆಲ್ಲ. ಮೂರು ಸುತ್ತು ಮುಗಿದಾಗ ವಾಚಿನಲ್ಲಿ 5 ನಿಮಿಷ 15 ಸೆಕೆಂಡ್ ದಾಟಿರಬಾರದು. 13 ನಿಮಿಷದವರಿಗೆ 6 ನಿಮಿಷ 30 ಸೆಕೆಂಡ್.

ಕೊನೆಯ ವಾರ ಅರ್ಧಕ್ಕೆ ಇಳಿಸಿ. ಆ ವಾರ ಜಾಸ್ತಿ ಮಾಡಿದರೆ ಬಲ ಬರುವುದಿಲ್ಲ, ಸುಸ್ತು ಮಾತ್ರ ಬರುತ್ತದೆ.

ಯಾವ ನೋವಿಗೆ ನಿಲ್ಲಿಸಬೇಕು

ತೊಡೆ, ತೋಳು, ಹೊಟ್ಟೆಯ ಸ್ನಾಯು ಎರಡು ದಿನ ನೋಯುವುದು ಮಾಮೂಲು. ಮಂಡಿಯ ಕೆಳಗೆ, ಕಾಲಿನ ಮುಂಭಾಗದ ಮೂಳೆಯ ಒಳಬದಿ ಉದ್ದಕ್ಕೂ ನೋಯುತ್ತಿದ್ದರೆ ಅದು ಶಿನ್ ಸ್ಪ್ಲಿಂಟ್. ಓಟ ಏಕಾಏಕಿ ಜಾಸ್ತಿ ಮಾಡಿದವರಿಗೆ ಬರುತ್ತದೆ. ಓಟ ನಿಲ್ಲಿಸಿ, ಒಂದೆರಡು ವಾರ ಸೈಕಲ್ ಅಥವಾ ಈಜು ಮಾಡಿ, ಐಸ್ ಇಡಿ, ನೋವು ಹೋದ ಮೇಲೆ ಅರ್ಧ ಪ್ರಮಾಣದಿಂದ ಮತ್ತೆ ಶುರು ಮಾಡಿ.

ಬೆರಳಿನಿಂದ ಒತ್ತಿದಾಗ ಮೂಳೆಯ ಒಂದೇ ಚುಕ್ಕೆಯಲ್ಲಿ ಚುರುಕ್ ಅನ್ನುತ್ತಿದ್ದರೆ, ಒಂಟಿಕಾಲಲ್ಲಿ ಕುಪ್ಪಳಿಸಿದಾಗ ನೋವು ಹೆಚ್ಚಾದರೆ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ ಅದು ಸ್ಟ್ರೆಸ್ ಫ್ರ್ಯಾಕ್ಚರ್ ಇರಬಹುದು. ಅಂದರೆ ಮೂಳೆಯಲ್ಲಿ ಕೂದಲೆಳೆಯಂಥ ಬಿರುಕು. ಶುರುವಿನಲ್ಲಿ ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು. "ಎಕ್ಸ್‌ರೇ ಸರಿ ಇದೆ" ಎಂದು ಮತ್ತೆ ಓಡಬೇಡಿ, ಮೂಳೆ ವೈದ್ಯರಿಗೆ ಲಕ್ಷಣ ಪೂರ್ತಿ ಹೇಳಿ. ಇದನ್ನು ಮುಚ್ಚಿಟ್ಟುಕೊಂಡು ಅಕಾಡೆಮಿಗೆ ಹೋದರೆ ಅಲ್ಲಿ ಒಂದು ತಿಂಗಳಲ್ಲಿ ದೊಡ್ಡದಾಗುತ್ತದೆ. ತರಬೇತಿ ತಪ್ಪಿದರೆ ರೆಲಿಗೇಷನ್ ಆಗಬಹುದು, ಅಂದರೆ ನಿಮ್ಮ ತಂಡ ಮುಂದೆ ಹೋಗಿ ನೀವು ಹಿಂದಿನ ತಂಡದ ಜೊತೆ ಉಳಿಯಬೇಕಾಗುತ್ತದೆ.

ಓಟದ ಮೊದಲು ನೋವಿನ ಮಾತ್ರೆ ನುಂಗುವ ರೂಢಿ ಕೆಲವರಲ್ಲಿದೆ. ಮಾತ್ರೆ ಗಾಯ ವಾಸಿ ಮಾಡುವುದಿಲ್ಲ, ಗಾಯದ ಸುದ್ದಿ ನಿಮಗೆ ಮುಟ್ಟದಂತೆ ಮಾಡುತ್ತದೆ. ಜಿಮ್ಮಿನಲ್ಲಿ ಯಾರೋ ಕೊಡುವ ಇಂಜೆಕ್ಷನ್, ಹೆಸರಿಲ್ಲದ ಪುಡಿಗಳ ಹತ್ತಿರವೂ ಹೋಗಬೇಡಿ.

ಊಟ, ನಿದ್ದೆ

ಬೇರೆ ಅಡುಗೆ ಬೇಕಿಲ್ಲ. ರಾಗಿ ಮುದ್ದೆಯೋ ಜೋಳದ ರೊಟ್ಟಿಯೋ ಅನ್ನವೋ, ಹೊಟ್ಟೆ ತುಂಬ ತಿನ್ನಿ. ಎಷ್ಟೋ ಜನರಿಗೆ ಕಡಿಮೆ ಬೀಳುವುದು ಪ್ರೋಟೀನ್. ಇಷ್ಟು ಶ್ರಮಕ್ಕೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 1.6 ಗ್ರಾಂ ಬೇಕು. 60 ಕಿಲೋ ತೂಕದವರಿಗೆ 72ರಿಂದ 96 ಗ್ರಾಂ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, 100 ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ, ಒಣ ಹುರುಳಿಯಲ್ಲಿ 22ರ ಹತ್ತಿರ. ಸಾರಿನ ತಿಳಿ ಮಾತ್ರ ಬಡಿಸಿಕೊಂಡು ಕಾಳು ಬಿಟ್ಟರೆ ಲೆಕ್ಕ ಕೂಡುವುದಿಲ್ಲ. ಓಟಕ್ಕೆ ಅರ್ಧ ಗಂಟೆ ಮೊದಲು ಒಂದು ಬಾಳೆಹಣ್ಣು, ಮುಗಿದ ಮೇಲೆ ಉಪ್ಪು ಹಾಕಿದ ಮಜ್ಜಿಗೆ ಅಥವಾ ನಿಂಬೆ ಪಾನಕ.

ತೂಕ ಇಳಿಸಬೇಕಾದವರು ಊಟ ಬಿಡಬೇಡಿ, ಎಣ್ಣೆ ತಿಂಡಿ ಮತ್ತು ಸಕ್ಕರೆ ಬಿಡಿ. ಹುಡುಗಿಯರಿಗೆ ತರಬೇತಿ ಶುರುವಾದ ಮೇಲೆ ಮುಟ್ಟು ನಿಂತರೆ ಅಥವಾ ತಿಂಗಳುಗಟ್ಟಲೆ ತಪ್ಪಿದರೆ ಅದು ತಿನ್ನುವುದು ಸಾಲುತ್ತಿಲ್ಲ ಎಂಬುದರ ಗುರುತು ಇರಬಹುದು, ಮೂಳೆಯೂ ಸೊರಗುತ್ತದೆ. ಸಂಕೋಚ ಬಿಟ್ಟು ವೈದ್ಯರಿಗೆ ಹೇಳಿ. ನಿದ್ದೆ ಏಳೆಂಟು ಗಂಟೆ. ರಾತ್ರಿ ಒಂದರವರೆಗೆ ಓದಿ ಐದಕ್ಕೆ ಎದ್ದು ಓಡುವುದು ನಡೆಯುವುದಿಲ್ಲ. ಪರೀಕ್ಷೆ ಹತ್ತಿರವಿದ್ದರೆ ಓಟವನ್ನು ಸಂಜೆಗೆ ಹಾಕಿಕೊಳ್ಳಿ.

ಪತ್ರ ಬರುವವರೆಗೆ

ಎಸ್‌ಎಸ್‌ಬಿ, ವೈದ್ಯಕೀಯ, ಮೆರಿಟ್ ಪಟ್ಟಿ ಎಲ್ಲ ಮುಗಿದು ಅಕಾಡೆಮಿಯ ಪತ್ರ ಕೈಗೆ ಬರಲು ತಿಂಗಳುಗಳು ಬೇಕು. ಜಾಸ್ತಿ ಜನ ಹಾಳಾಗುವುದು ಈ ಸಮಯದಲ್ಲೇ: ಸನ್ಮಾನ, ನೆಂಟರ ಮನೆ ಊಟ, ಗೆಳೆಯರ ಪಾರ್ಟಿ. ಈ ಅವಧಿಯಲ್ಲಿ 16 ವಾರದ ಯೋಜನೆ ಮತ್ತೆ ಬೇಡ. ವಾರಕ್ಕೆ ಮೂರು ಓಟ, ಅದರಲ್ಲಿ ಒಂದು ತುಂಡು ಓಟ. ಮೂರು ದಿನ ಬಾರ್ ಮತ್ತು ಪುಷ್ ಅಪ್. ತಿಂಗಳಿಗೊಮ್ಮೆ 2.4 ಕಿ.ಮೀ. ಅಳತೆ. ಸಮಯ 10 ನಿಮಿಷ 20 ಸೆಕೆಂಡ್ ದಾಟಿದರೆ ಐದನೇ ಹಂತಕ್ಕೆ ಮರಳಿ ಮೂರು ವಾರ ಮಾಡಿ. ಮಹಿಳೆಯರಿಗೆ ಈ ಗೆರೆ 12 ನಿಮಿಷ 50 ಸೆಕೆಂಡ್. ಹೊಸ ಶೂ ಕೊಳ್ಳುವುದಿದ್ದರೆ ಹೊರಡುವ ಹಿಂದಿನ ದಿನ ಬೇಡ, ಒಂದು ತಿಂಗಳು ಮೊದಲೇ ಕೊಂಡು ಕಾಲಿಗೆ ಪಳಗಿಸಿಕೊಳ್ಳಿ.